ಮಾದರಿ ಜೋಡಿ ಇಲ್ಲದ ಮಳಿಗೆ

ನಮ್ಮೂರಿನ ಮದುವೆ ಮೇಳ ಬಯಲಲ್ಲೇ ನಡೆಯುತ್ತದೆ. ಮೋಡ ಕವಿದಿದ್ದರೆ ಆ ದಿನ ಮೇಳದ ಬಾಗಿಲು ತೆರೆಯುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಬಂದ ಮೇಲೆ ವ್ಯಾಪಾರ ಕುದುರುತ್ತದೆ. ಮಾರುವವರು ಮಳಿಗೆಯ ಒಳಗೆ ಕೂತಿರುತ್ತಾರೆ, ಸರಕು ಹೊರಗೆ ಬಿಸಿಲಲ್ಲಿ ನಿಂತಿರುತ್ತದೆ. ಸರಕೆಂದರೆ ಒಬ್ಬ ಗಂಡ ಮತ್ತು ಅವನ ಹೆಂಡತಿ. ಅವರಿಗೆ ಮಾದರಿ ಜೋಡಿ ಎಂದು ಹೆಸರು. ಅವರ ತಲೆಯ ಮೇಲೆ ಏನೂ ಇರುವುದಿಲ್ಲ. ಆದರೂ ಅವರು ಯಾವ ಚಪ್ಪರದ ಕೆಳಗೆ ತಾಳಿ ಕಟ್ಟಿಕೊಂಡಿದ್ದರೋ ಆ ಚಪ್ಪರದ ನೆರಳು ಅವರ ಮೇಲೂ ಸುತ್ತಲಿನ ನೆಲದ ಮೇಲೂ ಬಿದ್ದಿರುತ್ತದೆ. ಗಿರಾಕಿಗಳು ಬಂದು ಆ ನೆರಳಿನಲ್ಲಿ ನಿಂತು, ಕೂತು, ಅಂಗೈ ಚಾಚಿ ನೋಡಿ, ನಮಗೂ ಇಂಥದ್ದೇ ಹಾಕಿ ಎನ್ನುತ್ತಾರೆ, ಇಲ್ಲವೇ ಮುಂದಿನ ಮಳಿಗೆಗೆ ಹೋಗುತ್ತಾರೆ.

ನಾನು ಪತ್ರಿಕೆಯೊಂದರಲ್ಲಿ ಮದುವೆ ಪುಟ ನೋಡಿಕೊಳ್ಳುತ್ತೇನೆ. ಯಾವ ವರ್ಷ ಯಾವ ನೆರಳು ಚಾಲ್ತಿಗೆ ಬಂತು, ಯಾವುದು ಹೋಯಿತು ಎಂದು ಬರೆಯುವುದು ನನ್ನ ಕೆಲಸ. ನಮ್ಮ ಅಜ್ಜಿಯರದು ಮಾವಿನ ಸೊಪ್ಪು, ತೆಂಗಿನ ಗರಿ. ಶಾಮಿಯಾನ ಬಂದ ಕಾಲದಲ್ಲಿ ಮದುವೆಯಾದವರು ಈಗಲೂ ಕೆಂಪು ಹಳದಿ ಪಟ್ಟೆಗಳ ನಡುವೆ ಓಡಾಡುತ್ತಾರೆ. ಆಮೇಲೆ ಕಲ್ಯಾಣ ಮಂಟಪಗಳು ಬಂದವು. ಕಾಂಕ್ರೀಟಿನ ನೆರಳಿನಲ್ಲಿ ಒಂದು ಚುಕ್ಕೆ ಬೆಳಕೂ ಇರುವುದಿಲ್ಲ. ಅಂಥ ದಂಪತಿ ಹಿತ್ತಲಲ್ಲಿ ಒಟ್ಟಿಗೆ ಓಡಾಡಿದರೆ ಗುಲಾಬಿ ಗಿಡ ಮೊಗ್ಗು ಬಿಡುವುದಿಲ್ಲ ಎಂಬ ಮಾತಿದೆ. ನಾನು ವಿಚಾರಿಸಿದ ಮನೆಗಳಲ್ಲಿ ಒಂದರಲ್ಲಿ ಮಾತ್ರ ಹಾಗಾಗಿತ್ತು. ಆ ಮನೆಯವರು ಗಿಡಕ್ಕೆ ನೀರನ್ನೂ ಹಾಕುತ್ತಿರಲಿಲ್ಲ.

ಊರು ಇದಕ್ಕೆಲ್ಲ ಹೊಂದಿಕೊಂಡಿದೆ. ಮಹಡಿಯ ಮೇಲೆ ಸಂಡಿಗೆ ಇಟ್ಟ ದಿನ ಗಂಡಸರು ಮೆಟ್ಟಿಲು ಹತ್ತುವಂತಿಲ್ಲ. ಸೊಪ್ಪು ಮಾರುವವರು ಜೋಡಿಯಾಗಿಯೇ ಕೂರುತ್ತಾರೆ. ಗಂಡ ಬೀಡಿ ಸೇದಲು ಎದ್ದುಹೋದರೆ ಕೊತ್ತಂಬರಿ ಬಾಡುತ್ತದೆಂದು ಹೆಂಡತಿ ಕೂಗಿ ಕರೆಯುತ್ತಾಳೆ. ಫೋಟೋ ತೆಗೆಯುವವರು ಮೊದಲು ಕೇಳುವ ಪ್ರಶ್ನೆ, ಯಾವ ಚಪ್ಪರ ಎಂಬುದು. ದಾಂಪತ್ಯ ಚೆನ್ನಾಗಿರುವುದಕ್ಕೂ ನೆರಳಿಗೂ ಸಂಬಂಧವಿಲ್ಲ. ಇಬ್ಬರೂ ಒಂದು ಅಂಗಡಿಯ ಅಗಲದಷ್ಟು ಹತ್ತಿರ ಬಂದರೆ ಸಾಕು, ಮುನಿಸಿಕೊಂಡಿದ್ದರೂ ಬೀಳುತ್ತದೆ. ಒಬ್ಬರು ತೀರಿಕೊಂಡರೆ ನಿಂತುಹೋಗುತ್ತದೆ. ಬೇರೆಯಾದರೆ ನಿಲ್ಲುವುದಿಲ್ಲ. ಕೋರ್ಟು ಬಿಡುಗಡೆ ಕೊಟ್ಟವರೂ ಸಂತೆಯಲ್ಲಿ ಎದುರಾದಾಗ ಅವಸರದಿಂದ ದೂರ ಸರಿಯುವುದನ್ನು ಯಾರು ಬೇಕಾದರೂ ನೋಡಬಹುದು.

ನನ್ನ ತಂಗಿ ಪ್ರಫುಲ್ಲ ಹಾಗೆ ದೂರ ಸರಿಯುವವರಲ್ಲಿ ಒಬ್ಬಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಮೊದಲ ಗಂಡ ಲೋಹಿತ. ಲೋಹಿತನ ತಂದೆ ಮರಿಯಣ್ಣ ಚಪ್ಪರ ಹಾಕುವುದರಲ್ಲಿ ಹೆಸರಾದವರು. ಮಗನ ಮದುವೆಗೆ ತಾವೇ ಗಳ ಆರಿಸಿ, ತಾವೇ ಗರಿ ಹೆಣೆದು, ಮಾವಿನ ಸೊಪ್ಪನ್ನು ಒಂದೊಂದೇ ಕೊಂಬೆಯಾಗಿ ಸಿಕ್ಕಿಸಿದ್ದರು. ಪ್ರಫುಲ್ಲ ಮತ್ತು ಲೋಹಿತ ಬಸ್ ನಿಲ್ದಾಣದ ಮುಂದೆ ಹಾದುಹೋದರೆ ಬಸ್ಸಿಗೆ ಕಾಯುತ್ತಿದ್ದವರು ಎದ್ದು ಅವರ ಜೊತೆ ಸ್ವಲ್ಪ ದೂರ ನಡೆಯುತ್ತಿದ್ದರು. ಎಷ್ಟು ತಂಪಾದ ಜೋಡಿ ಎನ್ನುತ್ತಿದ್ದರು. ಆ ತಂಪಿನೊಳಗೆ ಕೊನೆಯ ಒಂದು ವರ್ಷ ಅವರಿಬ್ಬರೂ ಮಾತಾಡಿರಲಿಲ್ಲ. ಲೋಹಿತ ಕೆಟ್ಟವನೆಂದು ನಾನು ಬರೆಯಲಾರೆ. ಅವನು ಮನೆಯಲ್ಲಿದ್ದಾಗ ಅವಳಿಗೆ ಮನೆ ಖಾಲಿಯೆನಿಸುತ್ತಿತ್ತು, ಅವಳಿದ್ದಾಗ ಅವನಿಗೂ ಹಾಗೆಯೇ. ಇಬ್ಬರೂ ಇದನ್ನು ನ್ಯಾಯಾಧೀಶರ ಮುಂದೆ ಒಂದೇ ರೀತಿ ಹೇಳಿದರು.

ಈಗ ಅವಳು ಮದುವೆಯಾಗಲು ಬಯಸಿದ್ದು ಇಂದುಧರನನ್ನು. ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರು, ಮಾತು ಕಡಿಮೆ, ಅವನಿಗಿದು ಮೊದಲ ಮದುವೆ. ಅವನ ತಾಯಿ ಸರ್ವಮಂಗಳಮ್ಮ ಪ್ರೈಮರಿ ಶಾಲೆಯ ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಗಂಡ ಹೋದ ಮೇಲೆ ಅವರ ನೆರಳೂ ಹೋಯಿತು. ನಮ್ಮಲ್ಲಿ ಹಾಗಾದವರು ಮಕ್ಕಳ ನೆರಳಿನಲ್ಲಿ ಕೂರುವುದು ವಾಡಿಕೆ. ಕೆರೆ ಏರಿಯ ಮೇಲೆ, ಉದ್ಯಾನದಲ್ಲಿ, ಮಗ ಸೊಸೆಯ ನಡುವೆ ಒಂದು ಮಡಚುವ ಕುರ್ಚಿ ಹಾಕಿಕೊಂಡು ಕೂತ ಹಿರಿಯರನ್ನು ನೀವು ಎಲ್ಲೆಲ್ಲೂ ಕಾಣಬಹುದು. ಸರ್ವಮಂಗಳಮ್ಮನಿಗೆ ಇಂದುಧರ ಒಬ್ಬನೇ ಮಗ. ಅವರು ಕುರ್ಚಿಯನ್ನು ಆಗಲೇ ಕೊಂಡಿಟ್ಟಿದ್ದರು.

ಎರಡನೇ ಸಂಬಂಧ ಎಂಬುದಕ್ಕೆ ಅವರ ತಕರಾರು ಇರಲಿಲ್ಲ. ತಕರಾರು ಇದ್ದದ್ದು ನೆರಳಿನ ಬಗ್ಗೆ. ನಮ್ಮ ಮನೆಗೆ ಮಾತಾಡಲು ಬಂದಾಗ ಕಾಫಿ ಲೋಟ ಕೆಳಗಿಟ್ಟು ಅವರೇ ವಿಷಯ ತೆಗೆದರು.

"ಹಳೇದು ಇಷ್ಟೊತ್ತಿಗೆ ಮಾಸಿರುತ್ತೆ ಬಿಡಿ."

"ಮಾಸಲ್ಲ ಅಮ್ಮಾ," ಎಂದಳು ಪ್ರಫುಲ್ಲ. "ಕೊನೇ ಸಲ ಕೋರ್ಟಿನ ಮೆಟ್ಟಿಲ ಮೇಲೂ ಬಿತ್ತು."

"ಅದು ಆವತ್ತಿನ ಮಾತು. ಈಗ ಎಷ್ಟು ಕಾಲ ಆಯ್ತು." ಅವರು ನನ್ನ ಕಡೆ ತಿರುಗಿದರು. "ನೀವು ಪೇಪರ್ನಲ್ಲಿ ಇರೋರು, ನೀವು ಹೇಳಿ ಶಾಂಭವಿ."

ಬೇರೆಯಾದವರನ್ನು ನಾನು ಸಾಕಷ್ಟು ಮಾತಾಡಿಸಿದ್ದೇನೆ, ಯಾರದೂ ಮಾಸಿದ್ದನ್ನು ಕಂಡಿಲ್ಲ ಎಂದೆ.

"ನೀವು ಮಾತಾಡ್ಸಿದ್ದು ಬೇರೆಯವರನ್ನ. ನಮ್ಮ ಹುಡುಗೀದು ಮಾಸಿರುತ್ತೆ," ಎಂದರು ಸರ್ವಮಂಗಳಮ್ಮ, ಒಂದು ಮಗುವಿಗೆ ಪಾಸಾಗುತ್ತೀಯ ಎಂದು ಹೇಳುವ ಹಾಗೆ. "ನನ್ನದು ಒಂದೇ ಮಾತು. ನನ್ನ ಸೊಸೆ ಮೇಲೆ ಇನ್ನೊಂದು ಮನೆ ನೆರಳು ಬಿದ್ದು, ಅದನ್ನ ನಾಲ್ಕು ಜನ ನೋಡೋ ಹಾಗೆ ಆಗಬಾರದು. ಅದು ಖಾತ್ರಿ ಆದ್ಮೇಲೇ ಲಗ್ನಪತ್ರಿಕೆ. ಅಲ್ಲೀವರೆಗೆ ಚಪ್ಪರ ನೋಡೋಣ, ಅದಕ್ಕೇನಂತೆ."

ಹೀಗೆ ನಾವು ನಾಲ್ವರು ಮೇಳಕ್ಕೆ ಹೋದೆವು. ಮದುವೆ ನಿಂತಿದ್ದು ಒಂದು ಪ್ರಶ್ನೆಯ ಮೇಲೆ, ಆ ಪ್ರಶ್ನೆಗೆ ಉತ್ತರ ಮೂವರಿಗೆ ಗೊತ್ತಿತ್ತು, ನಾಲ್ಕನೆಯವರಿಗೆ ಗೊತ್ತಾಗುವುದು ಬೇಕಿರಲಿಲ್ಲ.

ಮೊದಲ ಸಾಲಿನಲ್ಲಿ ತಗಡಿನ ಚಪ್ಪರಗಳು. ತಗಡಿನಲ್ಲಿ ಹೃದಯದ ಆಕಾರ ಕೊರೆಯುವುದು ಕೆಲವು ವರ್ಷಗಳ ಹಿಂದೆ ಬಹಳ ನಡೆಯಿತು. ಆಗ ಮದುವೆಯಾದವರು ಈಗ ಮಕ್ಕಳನ್ನು ಶಾಲೆಗೆ ಬಿಡಲು ಒಟ್ಟಿಗೆ ಹೋಗುವುದಿಲ್ಲ, ಮಕ್ಕಳೇ ಬೇಡವೆನ್ನುತ್ತಾರೆ. ಈ ಸಲ ಹೃದಯದ ಬದಲು ಅಕ್ಷರ ಬಂದಿತ್ತು. ಮಳಿಗೆಯ ನಿಂಗರಾಜು ನಮ್ಮನ್ನು ಕೈಹಿಡಿದು ಎಳೆಯುವುದೊಂದು ಬಾಕಿ.

"ಗಂಡಿನ ಹೆಸರು, ಹೆಣ್ಣಿನ ಹೆಸರು, ಎರಡೂ ಕೊರೀತೀವಿ ಅಮ್ಮಾವ್ರೇ. ಇವರು ಹೋದ ಕಡೆಯೆಲ್ಲ ನೆಲದ ಮೇಲೆ ಹೆಸರು ಬೀಳುತ್ತೆ."

"ಅಂದ್ರೆ ಜೀವನ ಪೂರ್ತಿ ಗಂಡನ ಹೆಸರು ತುಳ್ಕೊಂಡು ಓಡಾಡ್ಬೇಕಾ?" ಎಂದು ಕೇಳಿದರು ಸರ್ವಮಂಗಳಮ್ಮ.

"ಅವನೂ ನನ್ನದು ತುಳೀತಾನಲ್ಲ ಅಮ್ಮಾ," ಎಂದಳು ಪ್ರಫುಲ್ಲ. ಇಂದುಧರ ನಕ್ಕ. ನಿಂಗರಾಜುವಿನ ಮಾದರಿ ಜೋಡಿಯ ಹೆಂಡತಿ ನೆಲ ನೋಡಿ ತನ್ನ ಕಾಲು ಪಕ್ಕಕ್ಕೆ ತೆಗೆದಿಟ್ಟಳು.

ಎರಡನೇ ಸಾಲಿನಲ್ಲಿ ಬಣ್ಣದ ಪ್ಲಾಸ್ಟಿಕ್ ಹಾಳೆಗಳು. ಹೋದ ವರ್ಷ ನೀಲಿ ಬಹಳ ಓಡಿತ್ತು. ನೀಲಿಯ ಮಾದರಿ ಜೋಡಿ ಹೊಸಬರು, ನೀರಿನಲ್ಲಿ ಮುಳುಗಿದವರ ಹಾಗೆ ಕಾಣುತ್ತಿದ್ದರು. ಮಾರುವವನು ಒಳಗೆ ಯಾರಿಗೋ ಪ್ಯಾಕೇಜು ವಿವರಿಸುತ್ತಿದ್ದಾಗ ಸರ್ವಮಂಗಳಮ್ಮ ಅವರನ್ನೇ ಕೇಳಿದರು, ಹೇಗಿದೆಯಪ್ಪ ಅಂತ.

"ಟೊಮೊಟೊ ಹಣ್ಣೋ ಕಾಯೋ ಗೊತ್ತಾಗಲ್ಲ ಆಂಟಿ," ಎಂದಳು ಹುಡುಗಿ, ತಗ್ಗಿದ ದನಿಯಲ್ಲಿ. "ಇವ್ರನ್ನ ಆಚೆ ಕಳಿಸಿ ಆರಿಸ್ಕೋತೀನಿ."

"ಮದುವೆ ಆದ ವಾರ ತುಟಿ ನೀಲಿ ಆಗಿದೆ ಅಂತ ನನ್ನನ್ನ ಆಸ್ಪತ್ರೆಗೆ ಸೇರಿಸಿದ್ಲು ಇವಳು," ಎಂದ ಗಂಡ.

"ಒಳಗೆ ಹೋದ್ಮೇಲೆ ಸರಿ ಇತ್ತಲ್ಲ, ನೀವು ಹೇಳಬಾರದಾ ಆಗ?"

"ಮೂತಿಗೆ ಮಾಸ್ಕ್ ಹಾಕಿದ್ರೆ ಹೇಗೆ ಹೇಳಲಿ?"

ಈ ವರ್ಷದ ಚಾಲ್ತಿ ಮಾತ್ರ ಹಳೆಯದಕ್ಕೆ ತಿರುಗಿತ್ತು. ಎಲ್ಲ ಮಳಿಗೆಗಳೂ ಸೊಪ್ಪಿನ ಚಪ್ಪರ, ಗರಿಯ ಚಪ್ಪರ ಎಂದು ಫಲಕ ಹಾಕಿದ್ದವು. ಸರ್ವಮಂಗಳಮ್ಮ ಎಲ್ಲದರ ಕೆಳಗೂ ಕೂತು ನೋಡಿದರು. ತಮ್ಮ ಮಡಚುವ ಕುರ್ಚಿಯನ್ನು ಅವರು ಮನೆಯಿಂದಲೇ ತಂದಿದ್ದರು, ಹೊರುತ್ತಿದ್ದವನು ಇಂದುಧರ. ಕೂತು, ಸೀರೆಯ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳನ್ನು ದಿಟ್ಟಿಸಿ, ಎದ್ದುಬಿಡುತ್ತಿದ್ದರು.

"ಅಲ್ಲಾಡ್ತಾನೇ ಇಲ್ಲ. ಇದು ಪ್ಲಾಸ್ಟಿಕ್ ಎಲೆ."

ಅವರು ಹೇಳಿದ್ದು ನಿಜ. ಸೊಪ್ಪಿನ ಚಪ್ಪರದ ನೆರಳಿನಲ್ಲಿ ಮದುವೆಯ ದಿನದ ಗಾಳಿಯೂ ಇರುತ್ತದೆ. ಇವತ್ತು ಗಾಳಿ ಬೀಸಲಿ ಬಿಡಲಿ, ಆವತ್ತು ಎಲೆ ಅಲ್ಲಾಡಿದ ಹಾಗೆಯೇ ಚುಕ್ಕೆಗಳು ಅಲ್ಲಾಡುತ್ತವೆ. ಸರ್ವಮಂಗಳಮ್ಮನ ಮದುವೆಯಲ್ಲಿ ಒಳ್ಳೆ ಗಾಳಿ ಇತ್ತಂತೆ. ತಾವಿಬ್ಬರೂ ಎಲ್ಲಿ ನಿಂತರೂ ಸೀರೆಯ ಮೇಲೆ ಮೀನು ಓಡಾಡಿದ ಹಾಗಿರುತ್ತಿತ್ತು ಎಂದು ದಾರಿಯಲ್ಲಿ ಹೇಳಿದ್ದರು. ಅವರು ಆ ಮೇಳದಲ್ಲಿ ಹುಡುಕುತ್ತಿದ್ದುದು ಅದನ್ನೇ.

ಕೊನೆಯ ಸಾಲಿನ ಕೊನೆಯ ಮಳಿಗೆ ಲೋಹಿತನದು. ಅವನು ಮೇಳಕ್ಕೆ ಬಂದಿರುತ್ತಾನೆಂದು ನಮಗೆ ಗೊತ್ತಿರಲಿಲ್ಲ, ಹಿಂದೆಂದೂ ಬಂದವನಲ್ಲ. ಮರಿಯಣ್ಣ ತೀರಿಕೊಂಡ ಮೇಲೆ ಕೆಲಸ ಅವನ ಕೈಗೆ ಬಂದಿತ್ತು. ಹಸಿ ಗರಿ, ಸೀಳಿದ ಬಿದಿರು, ಮಾವಿನ ಕೊಂಬೆಗಳ ಕಟ್ಟು, ಎಲ್ಲವೂ ಅಸಲು. ಮಾದರಿ ಜೋಡಿ ಮಾತ್ರ ಇರಲಿಲ್ಲ. ಅವನನ್ನು ಮೊದಲು ಕಂಡವಳು ಪ್ರಫುಲ್ಲ. ದಾರಿಯ ಈಚೆಗೇ ನಿಂತುಬಿಟ್ಟಳು. ಇಂದುಧರ ಅವಳ ಮುಖ ನೋಡಿ, ಆಮೇಲೆ ಲೋಹಿತನನ್ನು ನೋಡಿ, ಕುರ್ಚಿ ಹಿಡಿದುಕೊಂಡು ಅವಳ ಪಕ್ಕದಲ್ಲೇ ನಿಂತ. ಸರ್ವಮಂಗಳಮ್ಮ ಲೋಹಿತನನ್ನು ಹಿಂದೆ ನೋಡಿದವರಲ್ಲ. ನೇರ ಮಳಿಗೆಗೆ ಹೋದರು, ಅವರ ಹಿಂದೆ ನಾನು.

"ಜೋಡಿ ಎಲ್ಲಪ್ಪ? ಊಟಕ್ಕೆ ಹೋದ್ರಾ?"

"ಇಲ್ಲಮ್ಮ, ನನ್ನ ಹತ್ರ ಜೋಡಿ ಇಲ್ಲ," ಎಂದ ಲೋಹಿತ. ಅವನು ನನ್ನನ್ನೂ ನೋಡಿದ, ದಾರಿಯಲ್ಲಿ ನಿಂತವರನ್ನೂ ನೋಡಿದ. ತಲೆ ಸ್ವಲ್ಪ ಬಾಗಿಸಿದ, ಅಷ್ಟೆ.

"ಜೋಡಿ ಇಲ್ದೆ ಮೇಳಕ್ಕೆ ಬಂದಿದ್ದೀಯಲ್ಲ. ಏನು ನೋಡಿ ಒಪ್ಪಬೇಕು ನಾವು?"

"ಎಲ್ರೂ ಅದನ್ನೇ ಕೇಳಿ ಹೋಗ್ತಿದ್ದಾರೆ. ನಮ್ಮಪ್ಪ ಹಾಕಿದ್ದರಲ್ಲಿ ಈಗ ಒಬ್ಬರಿದ್ರೆ ಇನ್ನೊಬ್ಬರಿಲ್ಲ. ನಾನು ಹಾಕಿದ ಮದುವೆಯವರು ಊರಲ್ಲಿಲ್ಲ."

"ನಿಂದೇ ಮದುವೆ ಆಗಿಲ್ವಾ?"

"ಆಗಿತ್ತಮ್ಮ."

ಸರ್ವಮಂಗಳಮ್ಮ ಗಳ ಮುಟ್ಟಿ ನೋಡಿದರು, ಗರಿಯ ಹೆಣಿಗೆ ನೋಡಿದರು. ಅವರಿಗೆ ಹಿಡಿಸಿತ್ತು ಎಂಬುದು ಕಾಣುತ್ತಿತ್ತು. ಆದರೆ ಅವರು ನೋಡದೆ ಒಪ್ಪುವವರಲ್ಲ. ಹಣೆಯ ಬೆವರು ಒರೆಸಿಕೊಂಡು, "ಇಷ್ಟೆಲ್ಲ ಸುತ್ತಿ ಕೊನೆಗೆ ಸರಿಯಾದ್ದು ಸಿಕ್ಕಿದ ಕಡೆ ತೋರ್ಸೋಕೆ ಏನೂ ಇಲ್ಲ," ಎಂದು ನನಗೆ ಹೇಳಿ ಹೊರಡಲು ತಿರುಗಿದರು.

ಆಗ ಪ್ರಫುಲ್ಲ ದಾರಿ ದಾಟಿ ಬಂದಳು. ಯಾರೂ ಅವಳನ್ನು ಕರೆಯಲಿಲ್ಲ. ಅವಳು ಬಂದು ಲೋಹಿತನಿಗೆ ಹೇಳಿದ್ದು ಇಷ್ಟು: "ಒಂದ್ನಿಮಿಷ ಹೊರಗೆ ಬನ್ನಿ."

ಅವನು ಬಂದ. ಇಬ್ಬರೂ ಮಳಿಗೆಯ ಮುಂದಿನ ಖಾಲಿ ಜಾಗದಲ್ಲಿ ನಿಂತರು, ನಡುವೆ ಒಬ್ಬರು ಹಾಯುವಷ್ಟು ಬಿಟ್ಟು. ನೆರಳು ಬಿತ್ತು.

ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ಆ ದಿನದ ಮೇಳದಲ್ಲಿ ಕಂಡ ಬೇರೆಲ್ಲವುಗಳ ನಂತರ ನೋಡಿದಾಗ ವ್ಯತ್ಯಾಸ ತಿಳಿಯಿತು. ಗರಿಯ ಸಂದಿನ ಬೆಳಕು ಸಣ್ಣ ಗೆರೆಗಳಾಗಿಯೂ ಮಾವಿನ ಸೊಪ್ಪಿನದು ಚುಕ್ಕೆಗಳಾಗಿಯೂ ನೆಲದ ಮೇಲೆ ಬಿದ್ದಿತ್ತು. ಅವು ಒಂದರ ಮೇಲೊಂದು ಹಾದು ಮೆಲ್ಲಗೆ ಅಲ್ಲಾಡುತ್ತಿದ್ದವು. ಮಳಿಗೆಯ ಅಂಚಿನವರೆಗೂ ತಂಪಾಯಿತು. ಪಕ್ಕದ ಮಳಿಗೆಗಳ ಮುಂದೆ ನಿಂತವರು ತಿರುಗಿ ನೋಡಿದರು.

ಸರ್ವಮಂಗಳಮ್ಮ ಇಂದುಧರನ ಕಡೆ ಕೈ ಚಾಚಿದರು. ಅವನು ಕುರ್ಚಿ ತಂದು ಬಿಡಿಸಿಟ್ಟ. ಅವರು ಕೂತು ಸೀರೆಯ ಮಡಿಲು ನೋಡಿಕೊಂಡರು.  ನನಗೆ ತಿಳಿದಂತೆ, ಕೂತ ಮೊದಲ ಗಳಿಗೆಯಲ್ಲಿ ಅವರಿಗೆ ಇದು ಯಾರ ನೆರಳೆಂದು ಹೊಳೆದಿರಲಿಲ್ಲ. ಒಳ್ಳೆಯ ನೆರಳು ಎಂದಷ್ಟೇ ತಿಳಿದಿತ್ತು.

"ಯಾರು ಹಾಕಿದ್ದು ಇದನ್ನ?"

"ನಮ್ಮಪ್ಪ," ಎಂದ ಲೋಹಿತ.

"ಯಾರ ಮದುವೇಲಿ?"

ಲೋಹಿತ ಪ್ರಫುಲ್ಲಳನ್ನು ನೋಡಿದ. ಉತ್ತರ ಕೊಟ್ಟವಳು ಅವಳು. "ನಮ್ಮದರಲ್ಲಿ ಅಮ್ಮಾ. ನಿಮಗೆ ಖಾತ್ರಿ ಆಗ್ಬೇಕಿತ್ತಲ್ಲ. ಆಯ್ತು."

"ಮಾಸಿಲ್ಲ," ಎಂದರು ಸರ್ವಮಂಗಳಮ್ಮ.

"ಇಲ್ಲ."

ಅಷ್ಟರಲ್ಲಿ ಜನ ಸೇರಿದ್ದರು. ಮದುಮಗಳ ತಂದೆಯಂತೆ ಕಾಣುವ ಒಬ್ಬರು ಲೋಹಿತನ ತೋಳು ಮುಟ್ಟಿ, ನಮಗೆ ಇದೇ ಬೇಕು, ದಿನ ಕೊಡಿ ಎಂದರು. ಅವರ ಹಿಂದೆ ಇನ್ನಿಬ್ಬರು. ಒಬ್ಬ ಹೆಂಗಸು ಪ್ರಫುಲ್ಲಳನ್ನು, ನಾಳೇನೂ ಇರ್ತೀರಾ, ನಮ್ಮ ಬೀಗರನ್ನ ಕರ್ಕೊಂಡು ಬರ್ತೀನಿ ಎಂದು ಕೇಳಿದಳು. ಪ್ರಫುಲ್ಲ ಇಲ್ಲವೆಂದಳು.

ಸರ್ವಮಂಗಳಮ್ಮ ಎದ್ದು ಹೋಗುತ್ತಾರೆಂದು ನಾನು ಎಣಿಸಿದ್ದೆ. ಅವರು ಹೋಗಲಿಲ್ಲ. ಜನ ಸ್ವಲ್ಪ ಸರಿದ ಮೇಲೆ ಲೋಹಿತನನ್ನು ಕೇಳಿದರು. "ನೀನು ಇದನ್ನೇ, ಹೀಗೇ ಹಾಕ್ತೀಯಾ?"

"ಅಪ್ಪನ ಕೈ ಬರಲ್ಲಮ್ಮ. ಆದ್ರೂ ನೋಡಿದೋರಿಗೆ ಬೇರೆ ಅಂತ ಗೊತ್ತಾಗಲ್ಲ."

"ಹಾಗಾದ್ರೆ ಹಾಕು. ಇವಳಿಗೂ ನನ್ನ ಮಗನಿಗೂ."

 ಸರ್ವಮಂಗಳಮ್ಮ ನಮಗೆ ಬಿಡಿಸಿ ಹೇಳಿದರು, ಕರಿಹಲಗೆಯ ಮುಂದೆ ನಿಂತವರ ಹಾಗೆ. ಎರಡೂ ನೆರಳು ಒಂದೇ ಥರ ಇದ್ದರೆ, ನಾಳೆ ಎಲ್ಲಾದರೂ ಈ ಹುಡುಗ ಎದುರಾಗಿ ಹಳೆಯದು ಬಿದ್ದರೂ ನೋಡಿದವರು ಅದನ್ನು ಇಂದುಧರನದೇ ಅಂದುಕೊಳ್ಳುತ್ತಾರೆ. ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೆರಳೂ ಚೆನ್ನಾಗಿದೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮೂರಲ್ಲಿ ಯಾರಿಗೆ ಹೇಳಿದರೂ ಜಾಣತನವೆಂದೇ ಅನ್ನುತ್ತಿದ್ದರು. ನನಗೂ ಒಂದು ಗಳಿಗೆ ಹಾಗೆಯೇ ಅನಿಸಿತು.

ಪ್ರಫುಲ್ಲ ಹಿಂದೆ ಹಿಂದೆ ಹೆಜ್ಜೆಯಿಟ್ಟು ದಾರಿಯವರೆಗೆ ಹೋದಳು. ನೆರಳು ಇಲ್ಲವಾಯಿತು. ಸರ್ವಮಂಗಳಮ್ಮ ಕುರ್ಚಿಯಲ್ಲಿ ಕೂತಲ್ಲೇ ಬಿಸಿಲಿಗೆ ಕಣ್ಣು ಕಿರಿದು ಮಾಡಿದರು.

"ಆ ನೆರಳೇ ಬೇಕಿದ್ರೆ ನಾನು ಅಲ್ಲೇ ಇರ್ತಿದ್ದೆ ಅಮ್ಮಾ," ಎಂದಳು ಪ್ರಫುಲ್ಲ. ದನಿ ಏರಿರಲಿಲ್ಲ. "ಅದರ ಕೆಳಗೆ ನಿಂತ್ರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಪ್ರತಿ ಸಲ ತಿರುಗಿ ನೋಡ್ಬೇಕಾಗುತ್ತೆ ನನಗೆ. ಬೇರೆ ಯಾವುದಾದ್ರೂ ಆಗುತ್ತೆ. ಬೇಕಾದ್ರೆ ಆ ನೀಲೀನೂ ಆಗುತ್ತೆ. ಇದು ಬೇಡ."

"ಬೇರೆ ಯಾವುದೇ ಹಾಕಿದ್ರೂ ಅವನದು ಬಿದ್ದ ದಿನ ಎಲ್ರಿಗೂ ಕಾಣುತ್ತೆ."

"ಕಾಣ್ಲಿ."

"ಹಾಗಾದ್ರೆ ಈ ಮಾತು ಇಲ್ಲಿಗೆ ನಿಲ್ಸೋಣ," ಎಂದು ಸರ್ವಮಂಗಳಮ್ಮ ಎದ್ದರು. ಕುರ್ಚಿಯನ್ನು ತಾವೇ ಮಡಚಿದರು. ಇಂದುಧರ ಅವರನ್ನು ಮನೆಗೆ ಕರೆದುಕೊಂಡು ಹೋಗಬೇಕಾಗಿತ್ತು, ಹೋದ.  ಮನೆಗೆ ಬಂದು ಅವಳು ಊಟ ಮಾಡಿದಳು, ಮರುದಿನ ಕೆಲಸಕ್ಕೂ ಹೋದಳು. ಲ್ಯಾಬಿನಲ್ಲಿ ಒಬ್ಬರ ಕೈಗೆ ಎರಡು ಸಲ ಸೂಜಿ ಚುಚ್ಚಬೇಕಾಯಿತು ಎಂದು ಸಂಜೆ ಬೇಸರದಿಂದ ಹೇಳಿದಳು. ಹಾಗೆ ಆಗಿದ್ದು ಅದೇ ಮೊದಲು.

ಇಂದುಧರ ಆ ವಾರದ ಕೊನೆಗೆ ನನ್ನ ಕಚೇರಿಗೆ ಬಂದ. ನಿಂತುಕೊಂಡೇ ಕೇಳಿದ. "ಚಪ್ಪರ ಇಲ್ದೆ ಬಯಲಲ್ಲಿ ಮದುವೆ ಆದೋರು ಯಾರಾದ್ರೂ ಇದ್ದಾರಾ ಅಕ್ಕಾ?"

ಒಂದು ಜೋಡಿ ಇತ್ತು. ಬಸ್ ನಿಲ್ದಾಣದ ಬಳಿ ಚೀಲ ಹೊಲಿಯುವ ದಂಪತಿ. ತಾಳಿ ಕಟ್ಟುವ ಹೊತ್ತಿಗೆ ಬಿರುಗಾಳಿ ಬಂದು ಅವರ ಚಪ್ಪರ ಹಾರಿಹೋಗಿತ್ತು. ನಾನು ಅವರನ್ನು ಒಮ್ಮೆ ಪತ್ರಿಕೆಗಾಗಿ ಮಾತಾಡಿಸಿದ್ದೆ. ಅವರ ಮೇಲೆ ಯಾವ ನೆರಳೂ ಬೀಳುವುದಿಲ್ಲ. ಜೋಡಿಯೆಂದು ಯಾರೂ ಗುರುತಿಸುವುದಿಲ್ಲ, ಅಣ್ಣ ತಂಗಿಯೇ ಎಂದು ಕೇಳುತ್ತಾರೆ. ಬೇರೆ ತೊಂದರೆಯೇನು ಎಂದು ಕೇಳಿದ್ದಕ್ಕೆ ಆ ಹೆಂಗಸು ಯೋಚಿಸಿ, ತೊಂದರೆ ಏನಿಲ್ಲ, ನಮ್ಮ ಮನೇಲಿ ಹಪ್ಪಳ ಬೇಗ ಒಣಗುತ್ತೆ ಎಂದಿದ್ದಳು. ಇದನ್ನೆಲ್ಲ ಇಂದುಧರನಿಗೆ ಹೇಳಿದೆ. ಅವನು ಥ್ಯಾಂಕ್ಸ್ ಹೇಳಿ ಹೊರಟ. ಬಾಗಿಲಲ್ಲಿ ನಿಂತು, "ಪ್ರಫುಲ್ಲಾಗೆ ನಾನೇ ಹೇಳ್ತೀನಿ, ನೀವು ಹೇಳಬೇಡಿ," ಎಂದ.

ಅವನು ಅವಳಿಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ. ತಾಯಿಗೆ ಹೇಳಿದ್ದು ಗೊತ್ತಾಯಿತು, ಯಾಕೆಂದರೆ ಭಾನುವಾರ ಸರ್ವಮಂಗಳಮ್ಮ ಒಬ್ಬರೇ ನಮ್ಮ ಮನೆಗೆ ಬಂದರು. ನಡೆದು ಬಂದಿದ್ದರು, ಮುಖ ಕೆಂಪಾಗಿತ್ತು. ಪ್ರಫುಲ್ಲ ಕೊಟ್ಟ ನೀರನ್ನು ಪೂರ್ತಿ ಕುಡಿದ ಮೇಲೆ ಮಾತಾಡಿದರು.

"ನನ್ನ ಮಗ ಬಿಸಿಲಲ್ಲೇ ತಾಳಿ ಕಟ್ತೀನಿ ಅಂತಾನೆ. ಇಲ್ಲಾಂದ್ರೆ ಕಟ್ಟೋದೇ ಇಲ್ಲ ಅಂತಾನೆ. ಹುಟ್ಟಿದಾಗಿಂದ ನನಗೆ ಎದುರು ಮಾತಾಡಿದೋನಲ್ಲ."

ಪ್ರಫುಲ್ಲ ಖಾಲಿ ಲೋಟ ತೆಗೆದಿಟ್ಟಳು.

"ಆಮೇಲೆ ನಿನ್ನ ಮೇಲೆ ಯಾವತ್ತಾದ್ರೂ ನೆರಳು ಬಿತ್ತು ಅಂದ್ರೆ, ಅದು ಅವನದೇ ಅಂತ ಸಣ್ಣ ಮಕ್ಕಳಿಗೂ ಗೊತ್ತಾಗುತ್ತೆ. ಯೋಚನೆ ಮಾಡಿದ್ದೀರಾ ಇಬ್ಬರೂ?"

"ಮಾಡಿದ್ದೀವಿ ಅಮ್ಮಾ. ಗೊತ್ತಾಗ್ಲಿ. ನಡೆದಿದ್ದು ನಡೆದಿದೆ, ಮುಚ್ಚಿಡೋಕೆ ಏನಿದೆ ಅದರಲ್ಲಿ."

"ನಾನೆಲ್ಲಿ ಕೂರಲಿ?" ಎಂದು ಕೇಳಿದರು ಸರ್ವಮಂಗಳಮ್ಮ. ಈ ಪ್ರಶ್ನೆ ಕೇಳಲೆಂದೇ ಅವರು ಅಷ್ಟು ದೂರ ನಡೆದು ಬಂದದ್ದು ಎಂದು ನನಗೆ ಆಗ ತಿಳಿಯಿತು.

ಪ್ರಫುಲ್ಲ ಅವರ ಎದುರು ನೆಲದ ಮೇಲೆ ಕೂತಳು. "ಮರದ ಕೆಳಗೆ ಕೂರಿ. ನಾವೂ ಬಂದು ಅಲ್ಲೇ ಕೂರ್ತೀವಿ."

"ಮರದ ಕೆಳಗೆ ಇರುವೆ ಇರುತ್ತೆ."

"ಚಾಪೆ ತರ್ತೀನಿ."

"ಚಾಪೆ ಮೇಲೂ ಹತ್ತುತ್ತೆ," ಎಂದರು ಸರ್ವಮಂಗಳಮ್ಮ, ಮತ್ತು ಇನ್ನೊಂದು ಲೋಟ ನೀರು ಕೇಳಿದರು. ಇದನ್ನು ನಾವು ಒಪ್ಪಿಗೆ ಎಂದು ತೆಗೆದುಕೊಂಡೆವು. ಲಗ್ನಪತ್ರಿಕೆ ಬರೆಸುವ ದಿನವನ್ನು ಅವರೇ ಹೇಳಿಕಳಿಸಿದರು.

ಮದುವೆ ನಡೆದದ್ದು ನೀರಿನ ಟ್ಯಾಂಕಿನ ಹಿಂದಿನ ಬಯಲಿನಲ್ಲಿ. ಮುಹೂರ್ತ ಮಧ್ಯಾಹ್ನಕ್ಕಿತ್ತು. ಹಸೆಮಣೆ ಇಟ್ಟ ಕಡೆ ನಾಲ್ಕು ಬಾಳೆಕಂದು ನೆಟ್ಟಿದ್ದೆವು, ಎಲೆಗಳನ್ನು ಕತ್ತರಿಸಿ ತೆಗೆದಿದ್ದೆವು. ಲೋಹಿತನನ್ನು ಕರೆದಿರಲಿಲ್ಲ. ಮೇಳದ ನಂತರ ಅವನಿಗೆ ಬಿಡುವೂ ಇರಲಿಲ್ಲವೆಂದು ಕೇಳಿದೆ. ಬಂದವರು ಮೊದಲು ಆಕಾಶ ನೋಡುತ್ತಿದ್ದರು, ಆಮೇಲೆ ನಮ್ಮನ್ನು. ಆದರೆ ಸುಡುವ ಬಿಸಿಲಿನಲ್ಲಿ ನಿಲ್ಲುವುದು ಯಾರಿಗೂ ಕಷ್ಟವಾಗಲಿಲ್ಲ, ಯಾಕೆಂದರೆ ದಂಪತಿಗಳೆಲ್ಲ ತಮ್ಮ ನೆರಳನ್ನು ಜೊತೆಗೇ ತಂದಿದ್ದರು. ಬಯಲಿನ ಅಂಚಿನಲ್ಲಿ ಕೆಂಪು ಪಟ್ಟೆ, ನೀಲಿ, ಹೃದಯಗಳು, ಕಾಂಕ್ರೀಟಿನ ಕಪ್ಪು, ಎಲ್ಲವೂ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಜೋಡಿ ಇಲ್ಲದವರು ಅವರಿವರ ನೆರಳಿನಲ್ಲಿ ಸೇರಿಕೊಂಡರು.

ಒಂದು ವಿಷಯ ನಾವು ಮುಂಚೆ ಯೋಚಿಸಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಮೇಲಿದ್ದ ನೆರಳು ಬಾಳಿನುದ್ದಕ್ಕೂ ಬರುತ್ತದೆ. ಆ ಹೊತ್ತಿಗೆ ಬೇರೆ ದಂಪತಿಯ ನೆರಳು ವಧೂವರರ ಮೇಲೆ ಬಿದ್ದಿದ್ದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಪರೀಕ್ಷೆ ಮಾಡಿ ನೋಡುವ ಮನಸ್ಸೂ ಇರಲಿಲ್ಲ. ಇದು ನಮ್ಮ ತಲೆಗೆ ಬಂದದ್ದೇ ಆರತಿಯ ಹೊತ್ತಿಗೆ. ನಮ್ಮಲ್ಲಿ ಆರತಿ ಎತ್ತದೆ ತಾಳಿ ಕೈಗೆ ಕೊಡುವುದಿಲ್ಲ. ನಮ್ಮ ಚಿಕ್ಕಮ್ಮ ಗೌರಾಂಬೆ ತಟ್ಟೆ ಹಿಡಿದು ಮುಂದೆ ಬಂದರು. ಅವರ ಹಿಂದೆ ಚಿಕ್ಕಪ್ಪ, ಚೆನ್ನಾಗಿ ಕಾಣಲೆಂದು. ಪ್ರಫುಲ್ಲಳ ಪಾದದ ಮೇಲೆ ಕೆಂಪು ಪಟ್ಟೆಯೊಂದು ಹತ್ತಿತು. ಪುರೋಹಿತರು ಮಂತ್ರ ನಿಲ್ಲಿಸಿದರು.

"ಜೋಡಿ ಇರೋರೆಲ್ಲ ಹಿಂದಕ್ಕೆ ಹೋಗಿ," ಎಂದೆ ನಾನು.

"ನೀವು ಅತ್ಲಾಗೆ ಹೋಗ್ರಿ," ಎಂದರು ಚಿಕ್ಕಮ್ಮ ಚಿಕ್ಕಪ್ಪನಿಗೆ. ಅವರು ಅತ್ತ ಹೋದರು, ಇತ್ತಲಿಂದ ನೀಲಿ ಬಂತು. ನೀಲಿಯನ್ನು ಸರಿಸಿದರೆ ಹೃದಯಗಳು. ನೋಡುವ ಆಸೆಗೆ ಜನ ಒಳಗೊಳಗೆ ಒತ್ತಿಕೊಂಡು ಬರುತ್ತಿದ್ದರು, ಚಿಕ್ಕಪ್ಪನೂ ಮತ್ತೆ ಬಂದರು. ಮುಹೂರ್ತ ಮೀರುತ್ತದೆ ಎಂದರು ಪುರೋಹಿತರು. ಅವರ ಹೆಂಡತಿ ಬಂದಿರಲಿಲ್ಲ, ಅದೊಂದು ಅನುಕೂಲ. ಕೊನೆಗೆ ಗಂಡ ಹೆಂಡತಿ ಇರುವ ಎಲ್ಲರನ್ನೂ, ಮುತ್ತೈದೆಯರನ್ನೂ ಸೇರಿಸಿ, ಬಯಲಿನ ಅಂಚಿಗೆ ಕಳಿಸಬೇಕಾಯಿತು. ಚಿಕ್ಕಮ್ಮ ತಟ್ಟೆ ಹಿಡಿದುಕೊಂಡೇ ಹೊರಟಿದ್ದರು.

"ಇದನ್ನ ಯಾರಿಗೆ ಕೊಡ್ಲಿ?"

"ನೆರಳಿಲ್ದೋರಿಗೆ ಕೊಡಿ ಚಿಕ್ಕಮ್ಮ," ಎಂದಳು ಹಸೆಮಣೆಯ ಮೇಲಿದ್ದ ಪ್ರಫುಲ್ಲ.

ಜೋಡಿ ಇಲ್ಲದವರೂ ಆ ನೆರಳುಗಳ ಜೊತೆಗೇ ಅಂಚಿಗೆ ಹೋಗಿದ್ದರು. ಹತ್ತಿರದಲ್ಲಿ ಉಳಿದ ಹೆಂಗಸರು ನಾವಿಬ್ಬರೇ, ನಾನು ಮತ್ತು ಸರ್ವಮಂಗಳಮ್ಮ. ನಾನು ಮದುವೆಯಾದವಳಲ್ಲ. ಚಿಕ್ಕಮ್ಮ ನನ್ನನ್ನು ನೋಡಿದರು. ಸರ್ವಮಂಗಳಮ್ಮ ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಹೊದ್ದುಕೊಂಡು ನಿಂತಿದ್ದರು. ಗಂಡ ಹೋದ ಮೇಲೆ ಯಾವ ಮದುವೆಯಲ್ಲೂ ಅವರು ಹಾಗೆ ನಿಂತೇ ರೂಢಿ. ನಾನು ತಟ್ಟೆ ತೆಗೆದುಕೊಂಡೆ. ಆರತಿಯನ್ನು ಒಬ್ಬರೇ ಎತ್ತುವಂತಿಲ್ಲ, ಇಬ್ಬರು ಹಿಡಿಯಬೇಕು.

"ಅಮ್ಮಾ, ಬನ್ನಿ," ಎಂದ ಇಂದುಧರ.

ಅವರು ಬರಲಿಲ್ಲ. ಬಯಲಿನ ಅಂಚಿನಲ್ಲಿ ನಿಂತ ಅಷ್ಟೂ ಜನರ ಕಡೆ ನೋಡಿದರು. ಅಷ್ಟು ದೂರದಿಂದ ಯಾರೂ ಏನೂ ಹೇಳಲಿಲ್ಲ. ಹಸೆಮಣೆಯವರೆಗಿನ ನೆಲ ಪೂರ್ತಿ ಬಿಸಿಲು, ಅದರ ಮೇಲೆ ಬೇರೆ ಏನೂ ಇರಲಿಲ್ಲ. ಆಮೇಲೆ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದು ತಟ್ಟೆಯ ಇನ್ನೊಂದು ಅಂಚು ಹಿಡಿದರು.

"ದೀಪ ಹಚ್ಚಿದ್ದೀರಾ?" ಎಂದು ನನ್ನನ್ನು ಕೇಳಿದರು.

ಹಚ್ಚಿದೆ ಎಂದೆ. ಆ ಬಿಸಿಲಿನಲ್ಲಿ ಉರಿ ಕಾಣುತ್ತಿರಲಿಲ್ಲ. ಅವರು ಬೆರಳನ್ನು ಬತ್ತಿಯ ಹತ್ತಿರ ಹಿಡಿದು, ತಕ್ಷಣ ಹಿಂದೆ ತೆಗೆದರು.

"ಉರೀತಿದೆ," ಎಂದರು. "ಎತ್ತಿ."